ಎಡಪುಟದಲ್ಲಿ ಗೇಮು, ಬಲಪುಟದಲ್ಲಿ ಕಾರು

ಜುಲೈ ಹತ್ತು, ಗುರುವಾರ. ಒಂದು ಗಂಟೆಯಲ್ಲಿ ನಲವತ್ತೊಂದು ಡಿಕ್ಕಿ.

ಕಾರು ಓಡಿಸುವುದರ ಬಗ್ಗೆ ನನ್ನ ದಿನಚರಿಯಲ್ಲಿರುವ ಮೊದಲ ಸಾಲು ಇದು. ಡಿಕ್ಕಿಗಳೆಲ್ಲ ಆದದ್ದು ತಿಪಟೂರಿನ ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ, ಪರದೆಯ ಒಳಗೆ. ಅಂಗಡಿ ನನ್ನ ಪಿಯುಸಿ ಗೆಳೆಯನದು. ಯಾರೋ ಮಾರಿದ ಸ್ಟೀರಿಂಗು, ಮೂರು ಪೆಡಲು ತಂದು, ಹಳೆಯ ಟೇಬಲ್ಲಿಗೆ ಬೋಲ್ಟು ಹಾಕಿ ಬಿಗಿದು, ಎದುರಿಗೆ ದೊಡ್ಡ ಟಿವಿ ಇಟ್ಟಿದ್ದ.

ನನಗೆ ಆಟದ ಹುಚ್ಚೇನೂ ಇರಲಿಲ್ಲ. ಸೋಮವಾರ ಮತ್ತು ಗುರುವಾರ ಅಮ್ಮನಿಗೆ ತಿಪಟೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಳಗೆ ಹೋದರೆ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು ಗೋಡೆ ನೋಡುವುದಕ್ಕಿಂತ ಮಹಡಿ ಹತ್ತುವುದು ವಾಸಿ ಅನ್ನಿಸಿತ್ತು.

ನಮ್ಮೂರು ಹಾಲ್ಕುರಿಕೆಯಿಂದ ಆಚೆಗೆ. ಹೋಗುವಾಗ ಬಸ್ಸು ಕಷ್ಟವಲ್ಲ. ಬರುವಾಗ ಕಷ್ಟ. ಮೆಶೀನಿನಿಂದ ಎದ್ದ ಮೇಲೆ ಅಮ್ಮನ ಬಿಪಿ ಇಳಿದು ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ಆಗಸ್ಟ್ ಹದಿನೆಂಟರಂದು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವಳು ಹಾಗೇ ಹಿಂದಕ್ಕೆ ಬಿದ್ದಳು. ಹಿಂದೆ ನಾನಿದ್ದೆ, ಹಿಡಿದೆ. ಹಿಡಿದಾಗ ಅವಳು ಎಷ್ಟು ಹಗುರವಾಗಿದ್ದಾಳೆ ಎಂದು ಗೊತ್ತಾಯಿತು. ಅವತ್ತು ರಾತ್ರಿಯ ಊಟವಾದ ಮೇಲೆ ನಾನೇ ಮಾತು ತೆಗೆದೆ.

“ಕಾರು ಕಲೀತೀನಿ ಅಮ್ಮ. ಅಪ್ಪನ ಕಾರು ಸುಮ್ನೆ ನಿಂತದಲ್ಲ.”

“ನಿಮ್ಮಪ್ಪ ಮೂವತ್ತು ವರ್ಷ ಓಡಿಸ್ದೋರು ಕಣಪ್ಪ,” ಅಂದಳು ಅಮ್ಮ. “ನೀನು ಸೈಕಲ್ನಲ್ಲಿ ಬಾವಿಗೆ ಬಿದ್ದೋನು.”

“ಬಾವಿಗಲ್ಲ, ತೊಟ್ಟಿಗೆ.”

“ನೀರು ನೀರೇ.”

ಆದರೆ ಮಾರನೆಯ ದಿನ ಬೆಳಿಗ್ಗೆ ಕಾರಿನ ಬೀಗದ ಕೈಯನ್ನು ದೇವರ ಗೂಡಿನಿಂದ ತೆಗೆದು ನನ್ನ ಕಾಫಿ ಲೋಟದ ಪಕ್ಕ ಇಟ್ಟಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಕಾರು ಎರಡು ವರ್ಷ ಕೊಬ್ಬರಿ ಅಟ್ಟದ ಕೆಳಗೆ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು.

ನಾನು ಲೆಕ್ಕ ಇಡುವವನು. ತೋಟದ ನೂರಹನ್ನೆರಡು ತೆಂಗಿನ ಮರಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದೇನೆ. ಯಾವ ಮರ ಯಾವ ಕೊಯ್ಲಿಗೆ ಎಷ್ಟು ಕಾಯಿ ಬಿಟ್ಟಿತು ಎಂದು ಬರೆದಿಡುತ್ತೇನೆ. ಅಮ್ಮನ ತೂಕ, ಅವಳು ಕುಡಿದ ನೀರು, ಡಯಾಲಿಸಿಸ್‌ಗೆ ಮುಂಚಿನ ಬಿಪಿ, ಆಮೇಲಿನ ಬಿಪಿ, ಎಲ್ಲಕ್ಕೂ ಪುಟ ಇದೆ. ಕಾರು ಕಲಿಯಲು ಹೊರಟಾಗಲೂ ಅದೇ ಕ್ರಮ. ಹೊಸ ನೋಟ್‌ಬುಕ್ಕಿನ ಎಡಪುಟದಲ್ಲಿ ಗೇಮು, ಬಲಪುಟದಲ್ಲಿ ಕಾರು. ಗೇಮು ಆಡಿದರೆ ಕಾರು ಬರುತ್ತದೆಯೇ ಎಂಬ ಪ್ರಶ್ನೆಗೆ ಎರಡು ಪುಟಗಳನ್ನು ಹೋಲಿಸಿದರೆ ಉತ್ತರ ಸಿಗುತ್ತದೆ ಎಂದು ನಂಬಿದ್ದೆ.

ಗೆಳೆಯನಿಗೆ ಅನುಮಾನವೇ ಇರಲಿಲ್ಲ. “ಡ್ರೈವಿಂಗ್ ಸ್ಕೂಲ್ನೋನು ಏನು ಹೇಳ್ಕೊಡ್ತಾನ್ಲಾ? ಇಲ್ಲಿ ನೂರೈವತ್ತರಲ್ಲಿ ತಿರುಗ್ಸಿದ್ರೆ ಅಲ್ಲಿ ನಲವತ್ತು ಆಟ ಕಣ್ಲಾ,” ಎನ್ನುತ್ತಿದ್ದ. ಹಿಂದೆ ನಿಂತು ಹೇಳಿಕೊಡುತ್ತಲೂ ಇದ್ದ. “ಮೂತಿ ಮುಂದೆ ನೋಡ್ಬ್ಯಾಡ, ದೂರ ನೋಡು. ಸ್ಟೀರಿಂಗ್ ಹಿಸುಕ್ಬ್ಯಾಡ, ಅದೇನು ಹಸಿನ ಕೆಚ್ಚಲಾ? ರೋಡಿನ ಬಣ್ಣ ಬದ್ಲಾಯ್ತು ಅಂದ್ರೆ ಅಲ್ಲಿ ಚಕ್ರ ಇಡ್ಬ್ಯಾಡ. ಮಣ್ಣು, ಹುಲ್ಲು ಸಿಕ್ತೋ, ಗಾಡಿ ನಿನ್ ಮಾತು ಕೇಳಲ್ಲ.”

ಕೊನೆಯ ಪಾಠ ನನಗೆ ಬೇಗ ಹತ್ತಿತು. ಆ ಗೇಮಿನಲ್ಲಿ ಡಾಂಬರು ಬಿಟ್ಟು ಕಂದು ಬಣ್ಣದ ಪಟ್ಟಿಗೆ ಒಂದು ಚಕ್ರ ಹೋದರೂ ಸ್ಟೀರಿಂಗು ಕೈಯಲ್ಲಿ ನಡುಗುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ನನ್ನ ನಲವತ್ತೊಂದು ಡಿಕ್ಕಿಯಲ್ಲಿ ಇಪ್ಪತ್ತಾರು ಹಾಗೆ ಆದವು. ಆಗಸ್ಟ್ ಕೊನೆಗೆ ಗಂಟೆಗೆ ಹದಿನೈದು ಡಿಕ್ಕಿ. ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಆರು. ಕಂದು ಪಟ್ಟಿ ಕಂಡರೆ ಸಾಕು, ನಾನು ಯೋಚಿಸುವ ಮೊದಲೇ ಕೈ ನುಣ್ಣನೆಯ ಡಾಂಬರಿನ ಕಡೆಗೆ ಹೊರಳುತ್ತಿತ್ತು. ಅದನ್ನೂ ಬರೆದಿದ್ದೇನೆ: “ಕೈ ತಾನಾಗಿ ಕಲಿಯುತ್ತಿದೆ.”

ಸೆಪ್ಟೆಂಬರಿನಲ್ಲಿ ಡ್ರೈವಿಂಗ್ ಸ್ಕೂಲು ಸೇರಿದೆ. ಅಮ್ಮ ಒಳಗೆ ಹೋದ ಮೇಲೆ ಮೊದಲು ಅರ್ಧ ಗಂಟೆ ಕ್ಲಾಸು, ಆಮೇಲೆ ಗೆಳೆಯನ ಮಹಡಿ. ಕಲಿಸುವವರು ಅರವತ್ತು ದಾಟಿದ, ಯಾವಾಗಲೂ ಬಾಯಲ್ಲಿ ಅಡಿಕೆ ಚೂರು ಇಟ್ಟುಕೊಂಡಿರುವ ಮನುಷ್ಯ. ಮೊದಲ ಕ್ಲಾಸಿನಲ್ಲಿ ಕಾರು ಹದಿನಾಲ್ಕು ಸಲ ಆಫ್ ಆಯಿತು. ಗೇಮಿನ ಕ್ಲಚ್ಚು ಕಾಲಿಗೆ ಏನನ್ನೂ ಹೇಳುವುದಿಲ್ಲ. ನಿಜವಾದ ಕ್ಲಚ್ಚು ಹೇಳುತ್ತದೆ, ನನ್ನ ಕಾಲಿಗೆ ಆ ಭಾಷೆ ಬರುತ್ತಿರಲಿಲ್ಲ. ರಿವರ್ಸ್ ಗೇಮಿನಲ್ಲಿ ಬೇಕಾಗಿಯೇ ಇರಲಿಲ್ಲವಾದ್ದರಿಂದ ಇಲ್ಲಿ ಮೊದಲಿನಿಂದ ಕಲಿತೆ. ಆದರೆ ಸ್ಟೀರಿಂಗ್ ವಿಷಯದಲ್ಲಿ ನಾಲ್ಕನೆಯ ದಿನವೇ ಮೇಷ್ಟ್ರು ನನ್ನ ಮುಖ ನೋಡಿದರು.

“ಮೊದ್ಲೇ ಓಡಿಸ್ತಿದ್ರೇನ್ರೀ?”

“ಇಲ್ಲ ಸಾರ್, ಗೇಮು ಆಡ್ತೀನಿ.”

“ಓಹೋ. ಕೈ ಚೆನ್ನಾಗದೆ. ಅಂಜಿಕೆ ಇಲ್ಲ.” ಸ್ವಲ್ಪ ಹೊತ್ತು ಅಡಿಕೆ ಅಗಿದು ಮತ್ತೆ ಅಂದರು, “ಸ್ವಲ್ಪ ಅಂಜಿಕೆ ಇರ್ಲಿ ಕಣ್ರೀ. ಪುಕ್ಸಟ್ಟೆ ಸಿಗ್ತದೆ.”

ನಾನು ಬರೆದುಕೊಂಡದ್ದು ಮೊದಲ ಅರ್ಧವನ್ನು ಮಾತ್ರ. ಬಲಪುಟದಲ್ಲಿ “ಕೈ ಚೆನ್ನಾಗಿದೆ” ಎಂದು ಬರೆದು, ಕೆಳಗೆ ಗೆರೆ ಎಳೆದು, “ಗೇಮು ಆಡಿದರೆ ಕಾರು ಬರುತ್ತದೆಯೇ” ಎಂಬ ಪ್ರಶ್ನೆಯ ಮುಂದೆ “ಹೌದು, ಅರ್ಧದಷ್ಟು” ಎಂದು ಗುರುತು ಹಾಕಿದೆ. ಅಕ್ಟೋಬರಿನಲ್ಲಿ ಲೈಸೆನ್ಸು ಬಂತು. ನವೆಂಬರ್ ಮೂರು, ಸೋಮವಾರ, ಅಮ್ಮನನ್ನು ಮೊದಲ ಸಲ ಅಪ್ಪನ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಹೋಗುತ್ತ ಎರಡು ಸಲ ಆಫ್ ಆಯಿತು. ಬರುತ್ತ ಒಂದೂ ಇಲ್ಲ.

ಹಾಗೆ ಹನ್ನೊಂದು ಸಲ ಹೋಗಿ ಬಂದೆವು. ಹನ್ನೆರಡನೆಯದು ಡಿಸೆಂಬರ್ ಹನ್ನೊಂದು, ಗುರುವಾರ.

ನಮ್ಮ ಕಡೆ ಡಿಸೆಂಬರಿನಲ್ಲಿ ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ಅರ್ಧ ರಸ್ತೆಗೆ ಹಾಸುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾದು ಕಾಳು ಉದುರಿಸುತ್ತವೆ. ಹಾಸಬಾರದು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಹಾಸುತ್ತಾರೆ. ಹುರುಳಿ ಬಿಟ್ಟು ಪಕ್ಕದಲ್ಲಿ ಹೋದರೆ ಅದು ಹಾಸಿದವರಿಗೆ ಮುಖ ತಿರುಗಿಸಿ ಹೋದ ಹಾಗೆ. ನಮ್ಮಪ್ಪ ಹುರುಳಿ ಕಂಡರೆ ಬೇಕೆಂದೇ ನಿಧಾನ ಮಾಡಿ, ಎರಡೂ ಕಡೆಯ ಚಕ್ರ ಅದರ ಮೇಲೆ ಹಾಯುವಂತೆ ಓಡಿಸುತ್ತಿದ್ದರು. ಗಾಡಿಯ ಸದ್ದು ಕೇಳಿದ ಕೂಡಲೇ ಹುರುಳಿ ತಿರುವುತ್ತಿದ್ದವರು ಗಾಡಿಗೆ ಜಾಗ ಬಿಟ್ಟು, ಹುರುಳಿ ಇಲ್ಲದ ಬರಿ ಡಾಂಬರಿನ ಕಡೆಗೆ ಸರಿದು ನಿಲ್ಲುತ್ತಾರೆ. ನಾನೂ ಹೈಸ್ಕೂಲಿನಲ್ಲಿದ್ದಾಗ ಹಾಗೆಯೇ ಸರಿದು ನಿಂತಿದ್ದೇನೆ. ಗಾಡಿ ಹುರುಳಿಯ ಮೇಲೇ ಬರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲ.

ಬೆಳಿಗ್ಗೆ ಎಂಟೂಕಾಲು. ಅಮ್ಮ ಮುಂದಿನ ಸೀಟಿನಲ್ಲಿದ್ದಳು. ಒಂದು ತಿರುವು ದಾಟಿದ ಮೇಲೆ ರಸ್ತೆ ನೇರವಾಗುತ್ತದೆ, ಎರಡೂ ಕಡೆ ತೆಂಗಿನ ತೋಟ. ಎಡಗಡೆ ಅರ್ಧ ರಸ್ತೆಗೆ ಹುರುಳಿ ಹಾಸಿತ್ತು, ನಾನು ಕಾರು ಹಿಡಿದ ಮೇಲೆ ಎದುರಾದ ಮೊದಲ ಹುರುಳಿ, ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದ ಗಿಡ. ಅದರ ನಡುವೆ ಒಬ್ಬ ಹೆಂಗಸು, ಐವತ್ತೈದರ ಆಚೀಚೆ, ಕವೆಗೋಲಿನಿಂದ ಗಿಡ ಎತ್ತಿ ತಿರುವಿ ಹಾಕುತ್ತಿದ್ದಳು. ಕಾರು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಆತುರವಿಲ್ಲದೆ ನಾಲ್ಕು ಹೆಜ್ಜೆ ಇಟ್ಟು ಬಲಗಡೆಯ ಬರಿ ಡಾಂಬರಿಗೆ ಬಂದು ನಿಂತಳು.

ನನ್ನ ಕೈ ಕಾರನ್ನು ಬರಿ ಡಾಂಬರಿಗೆ ತಿರುಗಿಸಿತು.

“ಹುರುಳಿ ಮ್ಯಾಲೆ ಹೋಗೋ!” ಅಮ್ಮ ಕೂಗಿದ್ದು ಕೇಳಿಸಿತು. ಬ್ರೇಕ್ ಒತ್ತಿದೆ. ಆ ಹೆಂಗಸು ಕಾರು ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ಮತ್ತೆ ಹುರುಳಿಯ ಕಡೆಗೆ ಓಡಲು ತಿರುಗಿದಳು. ಕಾರಿನ ಎಡ ಮೂಲೆ ಅವಳ ಸೊಂಟಕ್ಕೆ ತಾಗಿತು. ಬ್ರೇಕ್ ಒತ್ತುವಾಗ ಮೀಟರು ಮೂವತ್ತೆಂಟರಲ್ಲಿತ್ತು. ತಾಗಿದಾಗ ಎಷ್ಟಿತ್ತೋ ಗೊತ್ತಿಲ್ಲ. ದೊಡ್ಡ ಸದ್ದೇನೂ ಆಗಲಿಲ್ಲ. ಅವಳು ಹುರುಳಿಯ ಅಂಚಿನಲ್ಲಿ ಬಿದ್ದಳು, ಕವೆಗೋಲು ಇನ್ನೂ ಕೈಯಲ್ಲೇ ಇತ್ತು.

ಗೇಮಿನಲ್ಲಿ ಡಿಕ್ಕಿಯಾದರೆ ಪರದೆ ಒಂದು ಕ್ಷಣ ಮಂಕಾಗುತ್ತದೆ, ಕಾರು ಮತ್ತೆ ರಸ್ತೆಯ ನಡುವೆ ಬಂದು ನಿಲ್ಲುತ್ತದೆ. ನಾನು ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದೆ. ಅದನ್ನೇ ಕಾಯುತ್ತಿದ್ದೆನೋ ಏನೋ, ಹೇಳಲಾರೆ. ಅಮ್ಮ ಬಾಗಿಲು ತೆಗೆದು ಇಳಿದು ಹೋದಳು. ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುವವಳು ಅವತ್ತು ನನಗಿಂತ ಮೊದಲು ಅಲ್ಲಿ ತಲುಪಿದ್ದಳು.

ತೋಟದಿಂದ ಆ ಹೆಂಗಸಿನ ಮಗ ಓಡಿ ಬಂದ. ಅವನು ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. “ಎತ್ರಿ, ಎತ್ರಿ” ಅನ್ನುತ್ತಿದ್ದ, ಅಷ್ಟೇ. ಅವಳನ್ನು ನಮ್ಮ ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡೆವು. ಅಮ್ಮ ಹಿಂದೆ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಗ ನನ್ನ ಪಕ್ಕ ಕೂತ. ತಿಪಟೂರಿನವರೆಗೆ ನಾನೇ ಓಡಿಸಬೇಕಾಯಿತು. ಪ್ರತಿ ಹಳ್ಳಕ್ಕೂ ಹಿಂದಿನಿಂದ “ಅಯ್ಯಪ್ಪಾ” ಎಂದು ಕೇಳಿಸುತ್ತಿತ್ತು. ದಾರಿಯಲ್ಲಿ ಇನ್ನೂ ಮೂರು ಕಡೆ ಹುರುಳಿ ಹಾಸಿತ್ತು. ಮೂರರ ಮೇಲೂ ಹಾಯಿಸಿಕೊಂಡು ಹೋದೆ.

ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಹೇಗಾಯಿತು ಎಂದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುವವರು ಕೇಳಿದಾಗ ಮಗ ಹೇಳಿದ, “ಹುರುಳಿ ಮ್ಯಾಲೆ ಕಾಲು ಜಾರಿ ಬಿದ್ರು ಸಾರ್.” ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನನ್ನು ಉಳಿಸಲು ಹಾಗೆ ಹೇಳಿದ್ದಲ್ಲ. ರಸ್ತೆಗೆ ಹುರುಳಿ ಹಾಸಿದ್ದಕ್ಕೆ ತಮ್ಮ ಮೇಲೇ ಕೇಸು ಬೀಳುತ್ತದೆ ಎಂದು ಹೆದರಿದ್ದ. ಅದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಬಾಯಿ ತೆರೆದಿದ್ದರೆ ಒಂದು ವಾಕ್ಯ ಸಾಕಿತ್ತು. ತೆರೆಯಲಿಲ್ಲ. ಅಮ್ಮ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಮೆಶೀನಿಗೆ ಹಾಕುವಾಗ ಒಂದೂವರೆ ಗಂಟೆ ತಡವಾಗಿತ್ತು.

ಅವತ್ತು ಮಹಡಿ ಹತ್ತಲಿಲ್ಲ. ಗೆಳೆಯನೇ ಸುದ್ದಿ ತಿಳಿದು ಆಸ್ಪತ್ರೆಗೆ ಬಂದ. ನಾನು ನಡೆದದ್ದನ್ನೆಲ್ಲ ಹೇಳಿದೆ, ಕೈ ತಾನಾಗಿ ಹೊರಳಿದ್ದನ್ನೂ.

“ಗೇಮಿನ ಮ್ಯಾಲೆ ಹಾಕ್ಬ್ಯಾಡ ಕಣ್ಲಾ,” ಅಂದ. “ಗೇಮೇ ಆಡದೆ ಇರೋರು ದಿನಾ ಗುದ್ದಲ್ವಾ?”

“ಗುದ್ತಾರೆ.”

“ಮತ್ತೆ?”

“ಅವ್ರು ಯಾರೂ ಹುರುಳಿ ತಪ್ಪಿಸಕ್ಕೆ ಹೋಗಿ ಗುದ್ದಲ್ಲ.”

ಅವನ ಮಾತಿನಲ್ಲೂ ಸತ್ಯವಿದೆ ಎಂದು ನನಗೆ ಗೊತ್ತು. ಹೊಸಬರು ಯಾರೇ ಆಗಲಿ ಎಡವಬಹುದು. ಒಂದೇ ಒಂದು ಡಿಕ್ಕಿಯಿಂದ ಯಾವ ಲೆಕ್ಕವೂ ತೀರ್ಮಾನವಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಹನ್ನೊಂದು ಸಲ ಸುರಕ್ಷಿತವಾಗಿ ಹೋಗಿ ಬಂದದ್ದಕ್ಕೂ ಅದೇ ಗೇಮು ಸ್ವಲ್ಪ ಕಾರಣ. ಲಾರಿ ಎದುರಾದಾಗ ನನ್ನ ಕೈ ನಡುಗಲಿಲ್ಲ, ದೂರ ನೋಡಿ ಓಡಿಸಿದೆ, ಅದೆಲ್ಲ ನಿಜ. ಆದರೆ ಎಡಪುಟ ತಿರುಗಿಸಿ ನೋಡಿದರೆ ಇಪ್ಪತ್ತೊಂಬತ್ತು ದಿನದ ಆಟದಲ್ಲಿ ಗೋಡೆಗೆ ಗುದ್ದಿದ್ದು, ಬೇರೆ ಕಾರಿಗೆ ಗುದ್ದಿದ್ದು, ಕಂದು ಪಟ್ಟಿಗೆ ಇಳಿದದ್ದು, ಎಲ್ಲಕ್ಕೂ ಗೀಟು ಇದೆ. ಆ ರಸ್ತೆಯಲ್ಲಿ ಕೆಲಸ ಮಾಡುತ್ತ ನಿಂತಿದ್ದ ಒಬ್ಬ ಮನುಷ್ಯನೂ ನನಗೆ ಎದುರಾಗಲಿಲ್ಲ. ಅಂಥವರು ಅಲ್ಲಿ ಇರಲಿಲ್ಲ. ಇರಲಿಲ್ಲ ಎಂಬುದನ್ನು ನಾನು ಗಮನಿಸಲೂ ಇಲ್ಲ.

ಡಿಸೆಂಬರ್ ಹದಿನೈದರ ಸೋಮವಾರ ಬೆಳಿಗ್ಗೆ ಕಾರು ಹೊರಗೆ ತೆಗೆದು ನಿಲ್ಲಿಸಿದ್ದೆ. ಅಮ್ಮ ಬ್ಯಾಗು ಹಿಡಿದು ಬಂದು, ಕಾರಿನ ಪಕ್ಕದಲ್ಲೇ ನಡೆದು ರಸ್ತೆಗೆ ಹೋದಳು.

“ಬಸ್ಸಲ್ಲಿ ಹೋಗ್ತೀನಿ.”

“ಭಯ ಆಯ್ತದಾ ಅಮ್ಮ?”

“ಆಯ್ತದೆ,” ಅಂದಳು. ಬಸ್ಸು ಬರುವ ಕಡೆಗೇ ನೋಡುತ್ತ ಹೇಳಿದಳು. “ಗುದ್ದಿದ್ದು ಕೈ ತಪ್ಪಿ ಕಣಪ್ಪ, ನಿಮ್ಮಪ್ಪನೂ ಒಂದ್ಸಲ ಎಮ್ಮೆಗೆ ಗುದ್ದಿದ್ರು. ಆದ್ರೆ ಅಲ್ಲಿ ಬರಕಳ್ಳೋವಾಗ ನೀನು ಬಾಯೇ ಬಿಡ್ಲಿಲ್ಲ.”

ನಾನು ಅವಳ ಜೊತೆ ಬಸ್ಸು ಹತ್ತಿದೆ. ಆ ವಾರ ಎರಡು ಸಲ, ಮುಂದಿನ ವಾರ ಸೋಮವಾರ ಒಂದು ಸಲ, ಹಾಗೆಯೇ ಬಸ್ಸಿನಲ್ಲಿ ಹೋಗಿ ಬಂದೆವು. ಬರುವಾಗ ಒಮ್ಮೆ ವಾಂತಿ. ಒಮ್ಮೆ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಮುಕ್ಕಾಲು ಗಂಟೆ ಮಲಗಿದ್ದಳು, ನನ್ನ ಟವೆಲ್ಲು ತಲೆಯಡಿಗೆ ಇಟ್ಟುಕೊಂಡು.

ಡಿಸೆಂಬರ್ ಇಪ್ಪತ್ತನಾಲ್ಕು, ಬುಧವಾರ, ಆ ಹೆಂಗಸಿನ ಮನೆಗೆ ಸೈಕಲ್ಲಿನಲ್ಲಿ ಹೋದೆ. ನಮ್ಮೂರಿನಿಂದ ಆರು ಕಿಲೋಮೀಟರ್. ಆಪರೇಷನ್ ಆಗಿ ಮನೆಗೆ ಬಂದಿದ್ದಳು. ಪಡಸಾಲೆಯಲ್ಲಿ ಹಗ್ಗದ ಮಂಚ, ಮೂಲೆಯಲ್ಲಿ ಚೀಲ ಚೀಲ ಹುರುಳಿ. ಮಗ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ತಂದಿದ್ದ ಹಣ್ಣು ಕೆಳಗಿಟ್ಟು ಹೇಳಿದೆ, “ತಪ್ಪು ನಂದು. ನೀವು ಜಾರಿ ಬಿದ್ರಿ ಅಂತ ಬರ್ಸಿದ್ದು ಸರಿಯಲ್ಲ. ನಾನೇ ಹೋಗಿ ಹೇಳ್ತೀನಿ.”

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿನಿಂದಲ್ಲ. ಅರ್ಥವಾಗದ್ದನ್ನು ನೋಡುವ ಹಾಗೆ.

“ನೀನು ಹುರುಳಿ ಮ್ಯಾಲೆ ಬತ್ತೀಯ ಅಂದ್ಕಂಡೆ ಕಣಪ್ಪ. ಯಾರಾದ್ರೂ ಅಂಗೇ ಅಲ್ವಾ ಬರೋದು? ಯಾವೂರು ನಿಂದು?”

ಊರು ಹೇಳಿದೆ.

“ನಿಮ್ಮೂರಲ್ಲಿ ಹುರುಳಿ ಬೆಳ್ಯಲ್ವಾ?”

“ಬೆಳೀತೀವಿ.”

“ಮತ್ಯಾಕಪ್ಪ?”

ಗೇಮಿನ ವಿಷಯ ಹೇಳಲು ಬಾಯಿ ತೆರೆದೆ. ಆ ಪಡಸಾಲೆಯಲ್ಲಿ, ಆ ಮಂಚದ ಎದುರಿಗೆ, ಗೇಮು ಎನ್ನುವುದೇ ನಾಚಿಕೆ ಅನ್ನಿಸಿತು. “ಗೊತ್ತಾಗ್ಲಿಲ್ಲ” ಅಂದೆ. ಅದು ಸುಳ್ಳು.

ಮಗ ಕಂಬ ಬಿಟ್ಟು ಮುಂದೆ ಬಂದ. “ಈಗ ಹೋಗಿ ಬದ್ಲಾಯ್ಸಿದ್ರೆ, ನೀವ್ಯಾಕ್ರೀ ಸುಳ್ಳು ಬರ್ಸಿದ್ರಿ ಅಂತ ನನ್ನೇ ಹಿಡ್ಕತಾರೆ. ನಿಮ್ ಮನ್ಸು ಹಗುರ ಮಾಡ್ಕಳಕ್ಕೆ ನಮ್ಮನ್ನ ಸಿಗಾಕುಸ್ಬ್ಯಾಡಿ.”

“ಬುಡ್ಲಾ,” ಅಂದಳು ಅವಳು ಮಗನಿಗೆ. ನನ್ನ ಕಡೆ ತಿರುಗಿ, “ಆಗಿದ್ದಾಯ್ತು. ಇನ್ಮ್ಯಾಕೆ ಕುಕ್ಕರುಗಾಲಲ್ಲಿ ಕೂರಂಗಿಲ್ಲಂತೆ. ಕಳೆ ಕೀಳಾದು, ಕಾಳು ಆರ್ಸಾದು ಎಲ್ಲಾ ಕುಕ್ಕರುಗಾಲಲ್ಲೇ ಅಲ್ವಾ ಮಾಡಾದು. ಅದೊಂದೇ ನಂಗೆ ಚಿಂತೆ. ನಿಮ್ಮಮ್ಮ ಎಂಗವ್ರೆ? ದಾರಿ ಉದ್ದಕ್ಕೂ ನನ್ ಕೈ ಬುಡ್ನಿಲ್ಲ ಆಯಮ್ಮ.”

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ನಾನು ಹೋಗಿ ಹೇಳಿದ್ದು ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ, ತಡವಾಯಿತು ಎಂದೂ ಅನ್ನಲಿಲ್ಲ. “ಕುಕ್ಕರುಗಾಲಲ್ಲಿ ಕೂರಂಗಿಲ್ವಂತಾ?” ಎಂದು ಒಂದೇ ಸಲ ಕೇಳಿದಳು.

ಮಾರನೆಯ ದಿನ ಗುರುವಾರ. ಅಮ್ಮ ಎಂದಿನಂತೆ ರಸ್ತೆಗೆ ಹೋಗಿ ಬಸ್ಸಿಗೆ ನಿಂತಳು. ನಾನು ಅವಳ ಜೊತೆ ಹತ್ತಲಿಲ್ಲ. ಬಸ್ಸು ಹೊರಟ ಮೇಲೆ ಕಾರು ತೆಗೆದು ಅದರ ಹಿಂದೆಯೇ ಹೋದೆ. ಬಸ್ಸು ನಿಂತಲ್ಲೆಲ್ಲ ನಿಂತೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅಮ್ಮನ ತಲೆ ಕಾಣುತ್ತಿತ್ತು. ಅವಳು ಒಂದು ಸಲ ತಿರುಗಿ ನೋಡಿದಳು, ಆಮೇಲೆ ನೋಡಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅವಳನ್ನು ಮೆಶೀನಿನಿಂದ ಬಿಡಿಸಿದರು. ಬಿಪಿ ತೊಂಬತ್ತಕ್ಕೆ ಅರವತ್ತು. ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಕಾರು ಬಾಗಿಲಲ್ಲೇ ಇತ್ತು. ಅವಳು ಬಸ್ ಸ್ಟ್ಯಾಂಡಿನ ದಿಕ್ಕಿಗೆ ಒಮ್ಮೆ ನೋಡಿದಳು. ನಾನು ಹಿಂದಿನ ಬಾಗಿಲು ತೆಗೆದೆ. ಬೇಡ ಎನ್ನುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ.

ಈಗಲೂ ಹಾಗೆಯೇ ನಡೆಯುತ್ತಿದೆ. ಹೋಗುವಾಗ ಅವಳು ಬಸ್ಸಿನಲ್ಲಿ, ನಾನು ಖಾಲಿ ಕಾರಿನಲ್ಲಿ ಹಿಂದೆ. ಬರುವಾಗ ಇಬ್ಬರೂ ಕಾರಿನಲ್ಲಿ.